ಕೃತಕ ಕಾಲು ಕೈಕೊಡುವುದು ಎಲ್ಲಿ

"ಕಾಲು ಕೈಕೊಡ್ತದೆ ಸರ್." ಮಂಡಿಯ ಕೆಳಗೆ ಕೃತಕ ಕಾಲು ಹಾಕಿಕೊಂಡವರು ವರ್ಕ್‌ಶಾಪಿಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಆಡುವ ಮಾತು ಬಹುಮಟ್ಟಿಗೆ ಇದೇ. ಎಲ್ಲಿ ಅಂತ ಕೇಳಿದರೆ ಒಬ್ಬರು ಇಳಿಜಾರಿನಲ್ಲಿ ಅನ್ನುತ್ತಾರೆ, ಇನ್ನೊಬ್ಬರು ತಿರುಗುವಾಗ ಅನ್ನುತ್ತಾರೆ. ಮತ್ತೊಬ್ಬರು "ಹೇಳೋಕಾಗಲ್ಲ, ಒಂದು ಹೆಜ್ಜೆ ಸರಿ ಬೀಳ್ತದೆ, ಮುಂದಿನದು ಬೀಳಲ್ಲ" ಅನ್ನುತ್ತಾರೆ. ಈ ಕೊನೆಯ ಉತ್ತರ ಬಂದರೆ ನಾವು ಸ್ಕ್ರೂ ತಿರುಗಿಸುವ ಅಲೆನ್ ಕೀ ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಟೇಪು, ಸ್ಕೆಚ್ ಪೆನ್ನು, ಫೋನು ತೆಗೆಯುತ್ತೇವೆ.

ಕುಂಟುವುದು ಬೇರೆ, ಏರುಪೇರು ಬೇರೆ. ಪ್ರತಿ ಹೆಜ್ಜೆಯಲ್ಲೂ ಮಂಡಿ ಒಂದೇ ರೀತಿ ಹಿಂದಕ್ಕೆ ಸೆಟೆಯುತ್ತಿದ್ದರೆ, ಇಲ್ಲವೇ ಮೈ ಪ್ರತಿ ಸಲವೂ ಅಷ್ಟೇ ವಾಲುತ್ತಿದ್ದರೆ, ಅದು ಕುಂಟು. ಕಾಲಿನ ಜೋಡಣೆಯ ಕೋನ, ಉದ್ದ, ಪಾದದ ಜಾಗ, ಇವುಗಳಲ್ಲೊಂದು ತಪ್ಪಿರುತ್ತದೆ. ಒಂದು ಹೆಜ್ಜೆ ಅಗಲ, ಒಂದು ಕಿರಿದು, ಒಂದು ಬೇಗ, ಒಂದು ತಡ ಎಂದಾದರೆ ಅದು ಏರುಪೇರು. ಅದರ ಮೂಲ ಸ್ಕ್ರೂನಲ್ಲಿರುವುದು ಕಡಿಮೆ. ಸಾಕೆಟ್ಟಿನ, ಅಂದರೆ ಉಳಿದ ಕಾಲು ಕೂರುವ ಬಟ್ಟಲಿನ, ಒಳಗಿನ ಸಡಿಲದಲ್ಲಿ, ಸೊಂಟದ ಸ್ನಾಯುವಿನಲ್ಲಿ, ಅಥವಾ ಹೆದರಿಕೆಯಲ್ಲಿ ಇರುವುದೇ ಹೆಚ್ಚು. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಸ್ಕ್ರೂ ತಿರುಗಿಸಲು ಹೊರಟರೆ ಸಂಜೆಯವರೆಗೂ ತಿರುಗಿಸುತ್ತಲೇ ಇರಬೇಕಾಗುತ್ತದೆ. ಬೀಳುವುದೇನೂ ಅಪರೂಪದ ಸಂಗತಿಯಲ್ಲ. ಕಾಲು ಕಳೆದುಕೊಂಡು ಮನೆಯಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದವರನ್ನು ಕೆನಡಾದಲ್ಲಿ ವಿಚಾರಿಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದರು.

ನಡೆಸುವ ಮೊದಲು ಚಪ್ಪಲಿ ನೋಡುತ್ತೇವೆ. ಬಂದವರಿಗೆ ಇದು ಸ್ವಲ್ಪ ವಿಚಿತ್ರ ಅನಿಸುತ್ತದೆ, ಕಾಲು ತೋರಿಸಲು ಬಂದರೆ ಚಪ್ಪಲಿ ಕೇಳುತ್ತಾರಲ್ಲ ಎಂದು. ಸಾಮಾನ್ಯ ಕೃತಕ ಪಾದಕ್ಕೆ ಕಣಕಾಲಿನ ಕೀಲು ಇಲ್ಲ, ಇದ್ದರೂ ಬಹುಮಟ್ಟಿಗೆ ಅದು ತಾನಾಗಿ ಹೊಂದಿಕೊಳ್ಳುವುದಿಲ್ಲ. ಜೋಡಿಸಿದ ದಿನ ಯಾವ ಚಪ್ಪಲಿ ಇತ್ತೋ ಆ ಹಿಮ್ಮಡಿಯ ಎತ್ತರಕ್ಕೆ ಕಾಲಿನ ವಾಲು ಸ್ಥಿರವಾಗಿಬಿಟ್ಟಿರುತ್ತದೆ. ಅಳೆಯಬೇಕಾದದ್ದು ಹಿಮ್ಮಡಿಯ ದಪ್ಪ ಒಂದನ್ನೇ ಅಲ್ಲ. ಹಿಮ್ಮಡಿಯ ದಪ್ಪದಿಂದ ಬೆರಳ ಬುಡದ ಅಡಿಯ ದಪ್ಪವನ್ನು ಕಳೆದು ಉಳಿದದ್ದು ಲೆಕ್ಕ. ನೋಡಲು ದಪ್ಪಗಿರುವ ಹವಾಯಿ ಚಪ್ಪಲಿ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಪಾಟು. ಕಚೇರಿಗೆ ಹಾಕುವ ಕಪ್ಪು ಶೂ ಹಾಗಲ್ಲ.

10 ಮಿ.ಮೀ. ವ್ಯತ್ಯಾಸ ಎಷ್ಟು ದೊಡ್ಡದು? ಹಿಮ್ಮಡಿಯಿಂದ ಬೆರಳ ಬುಡಕ್ಕೆ ಸುಮಾರು 160 ಮಿ.ಮೀ. ಅಂತಿಟ್ಟುಕೊಳ್ಳಿ. ಹತ್ತನ್ನು ನೂರ ಅರವತ್ತರಿಂದ ಭಾಗಿಸಿ ಕೋನಕ್ಕೆ ಬದಲಿಸಿದರೆ ಮೂರೂವರೆ ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ. ಬೆಂಚಿನ ಮೇಲೆ ಕಾಲು ಜೋಡಿಸುವಾಗ ಸಾಕೆಟ್ಟಿಗೆ ಕೊಡುವ ಮುಂಬಾಗೇ ಐದು ಡಿಗ್ರಿ. ಅಂದರೆ ಶೂ ಬಿಟ್ಟು ಬರಿಗಾಲಲ್ಲಿ ನಡೆದ ಗಳಿಗೆಯಲ್ಲಿ ನಮ್ಮ ಕೆಲಸದ ಮುಕ್ಕಾಲು ಭಾಗ ಹೋಯಿತು. ಕಾಲು ಹಿಂದಕ್ಕೆ ವಾಲುತ್ತದೆ, ಮಂಡಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಪಾದದ ತುದಿ ಗುಡ್ಡ ಹತ್ತಿದಂತೆ ಭಾಸವಾಗುತ್ತದೆ. ನಮ್ಮಲ್ಲಿ ಹೊಸಿಲ ಹೊರಗೆ ಚಪ್ಪಲಿ, ಒಳಗೆ ಬರಿಗಾಲು. ದಿನಕ್ಕೆ ಇಪ್ಪತ್ತು ಸಲ ಒಳಗೆ ಹೊರಗೆ ಓಡಾಡುವವರು ಇಪ್ಪತ್ತು ಸಲವೂ ಬೇರೆ ಕಾಲಿನಲ್ಲಿ ನಡೆಯುತ್ತಿರುತ್ತಾರೆ. "ಮನೇಲಿ ಮಾತ್ರ ತೊಂದರೆ, ರಸ್ತೇಲಿ ಇಲ್ಲ" ಎಂದು ಯಾರಾದರೂ ಹೇಳಿದರೆ ಉತ್ತರ ಇಲ್ಲೇ ಸಿಗುತ್ತದೆ. ಒಳಗೆ ಹಾಕಲು ಅದೇ ಎತ್ತರದ ಇನ್ನೊಂದು ಜೊತೆ ಇಡುವುದು ಒಂದು ದಾರಿ. ಎಂಸಿಆರ್ ಎಂಬ ಮೆತ್ತನೆಯ ರಬ್ಬರ್ ಹಾಳೆಯಿಂದ ಇಳಿಜಾರಾಗಿ ಕತ್ತರಿಸಿದ ಬೆಣೆಯನ್ನು ಕೃತಕ ಪಾದದ ಹಿಮ್ಮಡಿಗೆ ಕಟ್ಟಿ ಮೇಲೆ ಸಾಕ್ಸ್ ಹಾಕುವುದು ಇನ್ನೊಂದು. ಎರಡನೆಯದು ದೇವಸ್ಥಾನಕ್ಕೂ ನಡೆಯುತ್ತದೆ. ಬೆಣೆ ಕಟ್ಟಿದಾಗ ಇನ್ನೊಂದು ಕಾಲಿನ ಎತ್ತರವನ್ನೂ ನೋಡಿಕೊಳ್ಳಬೇಕು, ಅದನ್ನು ಮರೆಯುವವರೇ ಜಾಸ್ತಿ.

ಅಟ್ಟೆ ಸವೆದ ಬಗೆಯನ್ನೂ ಆಗಲೇ ನೋಡಿಬಿಡುತ್ತೇವೆ. ಹೊರ ಅಂಚು ಮಾತ್ರ ಸವೆದಿದ್ದರೆ ಪಾದ ಹೊರ ಅಂಚಿನ ಮೇಲೆ ಊರುತ್ತಿದೆ. ತುದಿ ಉಜ್ಜಿದ್ದರೆ ಕಾಲು ಎತ್ತುವಾಗ ನೆಲಕ್ಕೆ ತಾಗುತ್ತಿದೆ.

ಸಾಕ್ಸ್ ಲೆಕ್ಕ

ಸ್ಟಂಪು, ಅಂದರೆ ಉಳಿದ ಕಾಲಿನ ತುಂಡು, ದಿನವಿಡೀ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಸಾಕೆಟ್ಟಿನ ಒತ್ತಡಕ್ಕೆ ನೀರು ಮೇಲಕ್ಕೆ ಸರಿದು ಮಧ್ಯಾಹ್ನದ ಹೊತ್ತಿಗೆ ತೆಳುವಾಗುತ್ತದೆ. ಕಾಲು ಬಿಚ್ಚಿ ಅರ್ಧ ಗಂಟೆ ಕೂತರೆ ಮತ್ತೆ ಊದಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷ ಈ ಕುಗ್ಗುವಿಕೆ ವಾರವಾರಕ್ಕೂ ಕಾಣುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಡಯಾಲಿಸಿಸ್ ಹಿಂದಿನ ದಿನ ಒಂದು ಅಳತೆ, ಮರುದಿನ ಇನ್ನೊಂದು. ಸಾಕೆಟ್ ಮಾತ್ರ ಗಟ್ಟಿ ಪ್ಲಾಸ್ಟಿಕ್, ಅದು ಕುಗ್ಗುವುದಿಲ್ಲ. ನಡುವಿನ ಜಾಗ ತುಂಬಲು ಇರುವುದು ಸ್ಟಂಪಿಗೆ ಹಾಕುವ ಸಾಕ್ಸ್. ಒಂದು ಪ್ಲೈ, ಮೂರು ಪ್ಲೈ, ಐದು ಪ್ಲೈ ಎಂದು ದಪ್ಪದ ಮೇಲೆ ಸಿಗುತ್ತವೆ. ಬೆಳಿಗ್ಗೆ ಮೂರು ಪ್ಲೈ ಹಾಕಿ ಹೊರಟವರು ಮಧ್ಯಾಹ್ನ ಒಂದು ಪ್ಲೈ ಸೇರಿಸಬೇಕು, ಸಂಜೆ ಇನ್ನೊಂದು. ಸೇರಿಸುವುದಿಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಕಾಲು ಬಿಚ್ಚಿ ಸಾಕ್ಸ್ ಹಾಕಲು ಮುಜುಗರ. ಇದು ನಾಚಿಕೆಯ ಸಮಸ್ಯೆ, ತಾಂತ್ರಿಕ ಸಮಸ್ಯೆಯಂತೆ ನಮ್ಮ ಹತ್ತಿರ ಬರುತ್ತದೆ.

ಸಾಕ್ಸ್ ಕಡಿಮೆಯಾದರೆ ಸ್ಟಂಪು ಒಳಕ್ಕೆ ಇಳಿಯುತ್ತದೆ. ಮಂಡಿಚಿಪ್ಪಿನ ಕೆಳಗಿನ ನರದಂಥ ಗಟ್ಟಿ ಪಟ್ಟಿಯ ಮೇಲೆ ಕೂರಬೇಕಾದ ಭಾರ ಸ್ಟಂಪಿನ ತುದಿಗೆ ಬೀಳುತ್ತದೆ, ಅಲ್ಲಿ ನೋವು. ಜಾಸ್ತಿಯಾದರೆ ಸ್ಟಂಪು ತಳ ಮುಟ್ಟುವುದೇ ಇಲ್ಲ. ತುದಿ ಗಾಳಿಯಲ್ಲಿ ತೂಗಿ ಕೆಂಪಾಗಿ ಊದುತ್ತದೆ, ಕಾಲು ಉದ್ದವಾದಂತೆ ಅನಿಸುತ್ತದೆ. ಎರಡರಲ್ಲೂ ತುದಿಯೇ ನೋಯುವುದರಿಂದ ಬಾಯಿಮಾತಿನ ಮೇಲೆ ನಂಬಿಕೆ ಇಡಲಾಗುವುದಿಲ್ಲ. ಮಕ್ಕಳು ಆಡುವ ಮೆತ್ತನೆಯ ಕ್ಲೇಯನ್ನು ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆ ಮಾಡಿ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಕೆಟ್ಟಿನ ತಳಕ್ಕೆ ಹಾಕಿ, ಕಾಲು ತೊಡಿಸಿ, ಪೂರ್ತಿ ಭಾರ ಹಾಕಿ ಹತ್ತು ಹೆಜ್ಜೆ ನಡೆಸಿ ತೆಗೆಯುತ್ತೇವೆ. ಉಂಡೆ ಉಂಡೆಯಾಗಿಯೇ ಬಂದರೆ ತಳ ಮುಟ್ಟಿಲ್ಲ, ಸಾಕ್ಸ್ ಕಳೆಯಬೇಕು. ಹಪ್ಪಳದಷ್ಟು ತೆಳುವಾಗಿದ್ದರೆ ತೀರಾ ಇಳಿದಿದೆ, ಸೇರಿಸಬೇಕು. ಅರ್ಧ ಚಪ್ಪಟೆಯಾದ ಗುಂಡಿಯಂತೆ ಬಂದರೆ ಸರಿ.

ಇನ್ನೊಂದು ಪರೀಕ್ಷೆ ಸ್ಕೆಚ್ ಪೆನ್ನಿನದು. ನಿಂತು ಭಾರ ಹಾಕಿದಾಗ ಸಾಕೆಟ್ಟಿನ ಮೇಲಂಚಿಗೆ ಸರಿಯಾಗಿ ಸಾಕ್ಸ್ ಮೇಲೆ ಒಂದು ಗೆರೆ. ಆಮೇಲೆ ಆ ಕಾಲನ್ನು ನೆಲದಿಂದ ಎತ್ತಿಸಿ ಅಂಚಿಗೆ ಇನ್ನೊಂದು ಗೆರೆ. ಎರಡರ ನಡುವೆ ಆರು ಮಿ.ಮೀ. ದಾಟಿದರೆ ಕಾಲು ಪಿಸ್ಟನ್ನಿನ ಹಾಗೆ ಮೇಲೆ ಕೆಳಗೆ ಆಡುತ್ತಿದೆ ಎಂದೇ ಅರ್ಥ. ಒಂದು ಸೆಂಟಿಮೀಟರ್ ಆಟ ಬರಿ ಒಂದು ಸೆಂಟಿಮೀಟರಲ್ಲ. ನಡೆಯುವಾಗ ಮುಂದಕ್ಕೆ ತೂಗುವ ಕಾಲಿನ ತುದಿ ನೆಲದಿಂದ ಇರುವ ಅಂತರವೇ, ಎರಡೂ ಕಾಲಿರುವ ಆರೋಗ್ಯವಂತರಲ್ಲೂ, ಒಂದರಿಂದ ಎರಡು ಸೆಂಟಿಮೀಟರ್ ಮಾತ್ರ. ಕಾಲು ಎತ್ತಿದೊಡನೆ ಒಂದು ಸೆಂಟಿಮೀಟರ್ ಜಾರಿ ಇಳಿದರೆ ಆ ಅಂತರ ಅರ್ಧವಾಯಿತು, ಇಲ್ಲವೇ ಇಲ್ಲವಾಯಿತು. ಆಗ ಸೊಂಟ ಎತ್ತಿ ನಡೆಯುತ್ತಾರೆ, ಅಥವಾ ಒಳ್ಳೆ ಕಾಲಿನ ತುದಿಬೆರಳ ಮೇಲೆ ನಿಂತು ದಾಟಿಸುತ್ತಾರೆ. ಅಷ್ಟೇ ಅಲ್ಲ, ಜಾರಿದ ಸಾಕೆಟ್ ಪ್ರತಿ ಸಲವೂ ಒಂದೇ ಕೋನದಲ್ಲಿ ವಾಪಸು ಕೂರುವುದಿಲ್ಲ, ಒಮ್ಮೆ ಸ್ವಲ್ಪ ಒಳಕ್ಕೆ, ಒಮ್ಮೆ ಹೊರಕ್ಕೆ ತಿರುಗಿ ಕೂರುತ್ತದೆ. "ಒಂದು ಹೆಜ್ಜೆ ಸರಿ, ಮುಂದಿನದು ಇಲ್ಲ" ಎನ್ನುವುದರ ಮೊದಲ ಮೂಲ ಇದು. ಸಾಕ್ಸ್ ಹತ್ತು ಹನ್ನೆರಡು ಪ್ಲೈ ದಾಟಿದ ಮೇಲೆ ಮತ್ತೆ ಸೇರಿಸಿ ಪ್ರಯೋಜನವಿಲ್ಲ. ಗಟ್ಟಿ ಗೋಡೆ ಮತ್ತು ಮೂಳೆಯ ನಡುವೆ ಹಾಸಿಗೆ ಹಾಸಿದಂತಾಗುತ್ತದೆ, ಹಿಡಿತ ಹೋಗುತ್ತದೆ. ಹೊಸ ಸಾಕೆಟ್ ಮಾಡುವ ಕಾಲ ಬಂದಿದೆ ಎಂದು ಹೇಳಿಬಿಡಬೇಕು.

ಸಾಕ್ಸ್ ಸರಿಮಾಡಿದ ಮೇಲೆ ಹತ್ತು ನಿಮಿಷ ನಡೆಸಿ, ಕಾಲು ಬಿಚ್ಚಿಸಿ ಚರ್ಮ ನೋಡುತ್ತೇವೆ. ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಒಳಬದಿಯ ಮೂಳೆಯ ಇಳಿಜಾರಿನಲ್ಲಿ ಕೆಂಪು ಇದ್ದರೆ ಒಳ್ಳೆಯದೇ, ಭಾರ ಅಲ್ಲೇ ಕೂರಬೇಕು. ಹೊರಬದಿಯ ಮೂಳೆಯ ಗಂಟಿನ ಮೇಲೆ, ಮುಂಗಾಲ ಮೂಳೆಯ ಏಣಿನ ಮೇಲೆ, ತುದಿಯಲ್ಲಿ ಕೆಂಪಿದ್ದು ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಆ ದಿನ ಅಳತೆ ಇಲ್ಲ. ಮೊದಲು ಸಾಕೆಟ್ ರಿಪೇರಿ. ಸಕ್ಕರೆ ಕಾಯಿಲೆಯವರಿಗೆ ಅಲ್ಲಿ ನೋವೇ ಗೊತ್ತಾಗದೆ ಇರಬಹುದು, ಆದ್ದರಿಂದ ಕಣ್ಣಿಗೆ ಕಂಡದ್ದನ್ನು ನಂಬಬೇಕು.

ನಿಲ್ಲಿಸಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ. ಸೊಂಟದ ಮೂಳೆಯ ಎರಡೂ ಅಂಚಿಗೆ ಹಿಂದಿನಿಂದ ಕೈ ಇಟ್ಟರೆ ಯಾವ ಕಡೆ ತಗ್ಗಿದೆ ಎಂದು ಗೊತ್ತಾಗುತ್ತದೆ. ಐದೈದು ಮಿ.ಮೀ. ಪ್ಲೈವುಡ್ ತುಂಡು ಅಡಿಗೆ ಸೇರಿಸುತ್ತ ಸಮ ಮಾಡಿದರೆ ಎಷ್ಟು ಗಿಡ್ಡ ಎಂಬ ಲೆಕ್ಕವೂ ಸಿಕ್ಕಿತು. ಒಂದೇ ಥರದ ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲು ಇರಿಸಿ ನಿಲ್ಲಿಸಿದರೆ, 64 ಕಿಲೋ ತೂಗುವವರು ಕೃತಕ ಕಾಲಿನ ಮೇಲೆ 20 ಕಿಲೋ ಮಾತ್ರ ಹಾಕಿ ನಿಂತಿರುವುದು ಕಾಣುತ್ತದೆ. ಅವರಿಗೆ ಮಾತ್ರ ಸಮನಾಗಿ ನಿಂತ ಹಾಗೇ ಅನಿಸಿರುತ್ತದೆ.

ಹತ್ತು ಮೀಟರಿನ ದಾರಿ

ಉದ್ದನೆಯ ಕಾರಿಡಾರಿನಲ್ಲಿ ಹತ್ತು ಮೀಟರ್ ಅಳೆದು ಎರಡು ಗೆರೆ. ಎರಡೂ ತುದಿಗೆ ಮೂರು ಮೂರು ಮೀಟರ್ ಹೆಚ್ಚುವರಿ ಜಾಗ. ನಿಂತಲ್ಲಿಂದ ವೇಗ ಹಿಡಿಯುವ ಎರಡು ಮೂರು ಹೆಜ್ಜೆ, ನಿಲ್ಲುವ ಮೊದಲಿನ ಎರಡು ಮೂರು ಹೆಜ್ಜೆ ಯಾರಿಗಾದರೂ ಏರುಪೇರೇ, ಅವು ಲೆಕ್ಕಕ್ಕೆ ಸೇರಬಾರದು. ಸೊಂಟಕ್ಕೆ ಅಗಲವಾದ ಕ್ಯಾನ್ವಾಸ್ ಬೆಲ್ಟು ಕಟ್ಟಿ, ಕೃತಕ ಕಾಲಿನ ಬದಿಗೆ ಅರ್ಧ ಹೆಜ್ಜೆ ಹಿಂದೆ ಒಬ್ಬರು ಬೆಲ್ಟಿನ ಹತ್ತಿರ ಕೈ ಇಟ್ಟು ನಡೆಯುತ್ತಾರೆ, ಹಿಡಿದುಕೊಂಡಲ್ಲ. ಹಿಡಿದರೆ ನಾವು ಅಳೆಯುವುದು ಹಿಡಿದವರ ಸ್ಥಿರತೆಯನ್ನು.

"ನೀವು ಅಂಗಡಿಗೆ ಹೋಗೋ ಹಾಗೆ ನಡೀರಿ ಅಣ್ಣಾ" ಎನ್ನುತ್ತೇವೆ. "ಚೆನ್ನಾಗಿ ನಡೀರಿ" ಎಂದರೆ ಎಲ್ಲರೂ ಪರೀಕ್ಷೆಗೆ ಕೂತವರಂತೆ ನಡೆಯುತ್ತಾರೆ. ವೇಗ ಬರೆದುಕೊಳ್ಳುವುದು ಕಡ್ಡಾಯ. ಏಕೆಂದರೆ ನಿಧಾನವಾದಷ್ಟೂ ಏರುಪೇರು ತಾನಾಗಿ ಹೆಚ್ಚುತ್ತದೆ. ಕಳೆದ ಸಲ ಸೆಕೆಂಡಿಗೆ ಒಂದು ಮೀಟರ್ ನಡೆದವರು ಈ ಸಲ 0.7 ನಡೆದು ಏರುಪೇರು ಜಾಸ್ತಿ ಬಂದರೆ ಕಾಲು ಕೆಟ್ಟಿತು ಎಂದು ಹೇಳುವಂತಿಲ್ಲ. ಟ್ರೆಡ್‌ಮಿಲ್ ಮೇಲೆ ಅಳೆದದ್ದನ್ನು ನೆಲದ ಮೇಲೆ ಅಳೆದದ್ದಕ್ಕೆ ಹೋಲಿಸುವಂತೆಯೂ ಇಲ್ಲ. ಬೆಲ್ಟೇ ವೇಗ ಕಾಯುವುದರಿಂದ ಟ್ರೆಡ್‌ಮಿಲ್ಲಿನಲ್ಲಿ ಏರುಪೇರು ಕಡಿಮೆ ಕಾಣುತ್ತದೆ.

ಹೆಜ್ಜೆಯ ಉದ್ದ ಅಗಲಕ್ಕೆ ಹಳೆಯ ಉಪಾಯವೇ ಸಾಕು. ಅಟ್ಟೆಯ ಹಿಮ್ಮಡಿಗೆ ಒದ್ದೆ ಸ್ಪಂಜು ಒತ್ತಿ ಕೆಂಪು ಗಾರೆ ನೆಲದ ಮೇಲೆ ನಡೆಸಿದರೆ ಗುರುತು ಎರಡು ನಿಮಿಷ ಇರುತ್ತದೆ, ಅಷ್ಟರಲ್ಲಿ ಸೀಮೆಸುಣ್ಣದಿಂದ ಹಿಮ್ಮಡಿಯ ನಡುವಿಗೆ ಚುಕ್ಕೆ ಇಡಬೇಕು. ಟೈಲ್ಸ್ ನೆಲದಲ್ಲಿ ಒದ್ದೆ ಮಾಡಬೇಡಿ, ಜಾರುತ್ತದೆ. ಅಲ್ಲಿ ಸೀಮೆಸುಣ್ಣದ ಪುಡಿ ಹಚ್ಚಿ ಕಾಗದದ ಉದ್ದನೆಯ ಸುರುಳಿಯ ಮೇಲೆ ನಡೆಸಿ, ಕಾಗದದ ಅಂಚಿಗೆ ಟೇಪು ಹಚ್ಚಿರಲಿ. ಕೃತಕ ಕಾಲು ಮುಂದಿಟ್ಟ ಹೆಜ್ಜೆ ಉದ್ದ, ಒಳ್ಳೆ ಕಾಲು ಮುಂದಿಟ್ಟದ್ದು ಗಿಡ್ಡ ಬರುವುದು ಸಾಮಾನ್ಯ. ಜನ ಇದನ್ನು ತಲೆಕೆಳಗಾಗಿ ಊಹಿಸುತ್ತಾರೆ. ಒಳ್ಳೆ ಕಾಲು ಮುಂದೆ ಹೋಗಬೇಕಾದರೆ ಹಿಂದಿರುವ ಕೃತಕ ಪಾದ ನೆಲವನ್ನು ತಳ್ಳಬೇಕು. ತಳ್ಳುವ ಮೀನಖಂಡದ ಸ್ನಾಯುವೇ ಅಲ್ಲಿಲ್ಲ. ಕಾರ್ಬನ್ ಪಾದ ಸ್ಪ್ರಿಂಗಿನಂತೆ ಸ್ವಲ್ಪ ವಾಪಸು ಕೊಡುತ್ತದೆ, ಒಳಗೆ ಮರದ ದಿಮ್ಮಿ ಇರುವ ಸ್ಯಾಚ್ ಪಾದ ಅಷ್ಟೂ ಕೊಡುವುದಿಲ್ಲ. ಜೊತೆಗೆ ಆ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುವ ಧೈರ್ಯವೂ ಇಲ್ಲ, ಹಾಗಾಗಿ ಒಳ್ಳೆ ಕಾಲು ಬೇಗ ನೆಲಕ್ಕೆ ಬರುತ್ತದೆ.

ಸಮಯ ಅಳೆಯುವುದರಲ್ಲಿ ಹೆಚ್ಚು ಮಂದಿ ಎಡವುತ್ತಾರೆ. ಸ್ಟಾಪ್‌ವಾಚಿನಿಂದ ಹತ್ತು ಮೀಟರಿನ ಒಟ್ಟು ಸಮಯ ಅಳೆಯಬಹುದು, ಹೆಜ್ಜೆ ಹೆಜ್ಜೆಗೂ ಅಲ್ಲ. ಒಂದೇ ಹಿಮ್ಮಡಿ ನೆಲ ಮುಟ್ಟಿದ್ದರಿಂದ ಮತ್ತೆ ಅದೇ ಹಿಮ್ಮಡಿ ಮುಟ್ಟುವವರೆಗೆ, ಅಂದರೆ ಒಂದು ಜೋಡಿ ಹೆಜ್ಜೆಗೆ, ಸುಮಾರು 1.2 ಸೆಕೆಂಡ್. ಆರೋಗ್ಯವಂತ ತರುಣರಲ್ಲಿ ಇದರ ಏರುಪೇರು ಸರಾಸರಿಯ ಶೇ. 2ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. 1.2 ಸೆಕೆಂಡಿನ ಶೇ. 2 ಅಂದರೆ 24 ಮಿಲಿಸೆಕೆಂಡ್. ಸಾಧಾರಣ ವೀಡಿಯೊ ಸೆಕೆಂಡಿಗೆ 30 ಚೌಕಟ್ಟು, ಒಂದು ಚೌಕಟ್ಟಿಗೆ 33 ಮಿಲಿಸೆಕೆಂಡ್. ಅಳೆಯಬೇಕಾದದ್ದಕ್ಕಿಂತ ಅಳತೆಗೋಲಿನ ಗೀಟೇ ದಪ್ಪ. ಸ್ಲೋಮೋಷನ್‌ನಲ್ಲಿ 240 ಚೌಕಟ್ಟು ಹಿಡಿದರೆ ಒಂದಕ್ಕೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ, ಅದು ಸಾಕು. ಕೆಲವು ಫೋನುಗಳು ಸ್ಲೋಮೋಷನ್ ವೀಡಿಯೊದ ಮೊದಲ ಮತ್ತು ಕೊನೆಯ ತುಣುಕನ್ನು ಮಾಮೂಲಿ ವೇಗದಲ್ಲಿ ಓಡಿಸುತ್ತವೆ, ನೋಡಿಕೊಳ್ಳದೆ ಎಣಿಸಿದರೆ ಲೆಕ್ಕ ಪೂರ್ತಿ ಹಾಳು.

ಇನ್ನೊಂದು ದಾರಿ ಫೋನಿನ ಒಳಗಿರುವ ಚಲನೆಯ ಸೆನ್ಸರ್. ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದರ ಅಂಕಿಗಳನ್ನು ನೇರ ಕಡತವಾಗಿ ಕೊಡುತ್ತದೆ. ಫೋನನ್ನು ಸೊಂಟದ ಹಿಂಭಾಗಕ್ಕೆ ಬಿಗಿಯಾಗಿ ಕಟ್ಟಬೇಕು, ಜೇಬಿನಲ್ಲಿ ಹಾಕಿದರೆ ಜೇಬಿನ ಕುಣಿತವೂ ದಾಖಲಾಗುತ್ತದೆ. ಕಣಕಾಲಿನ ಹತ್ತಿರ ಕೃತಕ ಕಾಲಿನ ಪೈಪಿಗೆ ಕಟ್ಟಿದರೆ ಹಿಮ್ಮಡಿ ಮುಟ್ಟಿದ ಗುರುತು ಚೂಪಾಗಿ ಬರುವುದು ನಿಜ. ಆದರೆ ಇನ್ನೂರು ಗ್ರಾಂ ತೂಕವನ್ನು ಲೋಲಕದ ತುದಿಗೆ ನೇತುಹಾಕಿದರೆ ಲೋಲಕದ ತೂಗಾಟವೇ ಬದಲಾಗುತ್ತದೆ.

ಲೆಕ್ಕ ಹೀಗೆ. ಕೃತಕ ಕಾಲಿನ ಹಿಮ್ಮಡಿಯ ಹತ್ತು ಜೋಡಿ ಹೆಜ್ಜೆಗಳ ಸಮಯ, ಉದಾಹರಣೆಗೆ, 1.18, 1.21, 1.17, 1.25, 1.19, 1.16, 1.22, 1.20, 1.27, 1.15 ಸೆಕೆಂಡ್ ಅನ್ನಿ. ಸರಾಸರಿ 1.20. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಎಂದು ತೆಗೆದು, ವರ್ಗ ಮಾಡಿ ಕೂಡಿ, ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.039. ಅದನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 3.2. ಈಗ ಆ 1.27 ಸೆಕೆಂಡಿನ ಹೆಜ್ಜೆಯ ವೀಡಿಯೊ ನೋಡಿದರೆ ಕಾರಿಡಾರಿನಲ್ಲಿ ಯಾರೋ ಬಾಗಿಲು ತೆರೆದಿದ್ದಾರೆ, ನಡೆಯುವವರು ಅತ್ತ ನೋಡಿದ್ದಾರೆ ಅಂತಿಟ್ಟುಕೊಳ್ಳಿ. ಅದೊಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಶೇ. 2.6. ಒಂದು ಬಾಗಿಲು ತೆರೆದದ್ದಕ್ಕೆ ಇಷ್ಟು ವ್ಯತ್ಯಾಸ. ಹತ್ತು ಹೆಜ್ಜೆಯ ಮೇಲೆ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ. ನಾವು ಐವತ್ತಕ್ಕೆ ಕಡಿಮೆ ಇಲ್ಲದಂತೆ ಜೋಡಿ ಹೆಜ್ಜೆ ಸೇರಿಸುತ್ತೇವೆ. ಹತ್ತು ಮೀಟರಿಗೆ ಏಳೆಂಟು ಸಿಕ್ಕುವುದರಿಂದ ಏಳೆಂಟು ಸುತ್ತು, ನಡುವೆ ದಣಿವಾದರೆ ಕೂರಿಸಿ. ತಿರುಗುವ ಹೆಜ್ಜೆಗಳು ಹೊರಗೆ.

ನಾವು ಕಂಡ ಅತಿ ದೊಡ್ಡ ತಪ್ಪು, ಎಡಬಲ ಹೆಜ್ಜೆಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡುವುದು. ಕೃತಕ ಕಾಲಿನ ಹೆಜ್ಜೆ ಪ್ರತಿ ಸಲವೂ ಕರಾರುವಾಕ್ಕಾಗಿ 0.58 ಸೆಕೆಂಡ್, ಒಳ್ಳೆ ಕಾಲಿನದು ಪ್ರತಿ ಸಲವೂ 0.52 ಇದ್ದರೆ ಏರುಪೇರು ಸೊನ್ನೆ, ಇರುವುದು ಬರೀ ಅಸಮತೆ. ಎರಡನ್ನೂ ಬೆರೆಸಿದರೆ ಲೆಕ್ಕ ಶೇ. 5ರ ಮೇಲೆ ತೋರಿಸುತ್ತದೆ. ಕುಂಟನ್ನು ಏರುಪೇರು ಎಂದು ಬರೆದಂತಾಯಿತು. ಒಂದೊಂದು ಕಾಲಿಗೆ ಒಂದೊಂದು ಸಾಲು.

ಅಗಲ ಏಕೆ ಅಲೆದಾಡುತ್ತದೆ

ಮುಂದಕ್ಕೆ ಬೀಳುವ ಭಯಕ್ಕಿಂತ ಪಕ್ಕಕ್ಕೆ ವಾಲುವ ಭಯ ದೊಡ್ಡದು, ಹೆಜ್ಜೆಯ ಅಗಲ ಅದನ್ನೇ ಹೇಳುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡಿದವರಿಗೆ ಇದು ಗೊತ್ತು: ಕೋಲು ವಾಲುವ ಕಡೆಗೆ, ಅದು ಇರುವ ಜಾಗಕ್ಕಿಂತ ಸ್ವಲ್ಪ ಮುಂದಕ್ಕೇ ಕೈ ಒಯ್ಯಬೇಕು. ಎಷ್ಟು ಮುಂದಕ್ಕೆ ಎನ್ನುವುದಕ್ಕೆ ನೆದರ್‌ಲೆಂಡ್ಸಿನ ಆಟ್ ಹಾಫ್ ಮತ್ತು ಸಂಗಡಿಗರು 2005ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಮೈಯ ಭಾರಕೇಂದ್ರ ಪಕ್ಕಕ್ಕೆ ಸರಿಯುವ ವೇಗವನ್ನು, ಗುರುತ್ವವನ್ನು ಕಾಲಿನ ಉದ್ದದಿಂದ ಭಾಗಿಸಿದ್ದರ ವರ್ಗಮೂಲದಿಂದ ಭಾಗಿಸಬೇಕು. 0.9 ಮೀಟರ್ ಉದ್ದಕ್ಕೆ ಆ ವರ್ಗಮೂಲ 3.3. ಮೈ ಸೆಕೆಂಡಿಗೆ 15 ಸೆಂ.ಮೀ. ವೇಗದಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರೆ ಪಾದ ಭಾರಕೇಂದ್ರದಿಂದ ನಾಲ್ಕೂವರೆ ಸೆಂ.ಮೀ.ಗಿಂತ ಹೊರಗೆ ಬೀಳಬೇಕು. ಬೀಳದಿದ್ದರೆ ಮೈ ಆ ಕಾಲನ್ನು ದಾಟಿ ಆಚೆ ವಾಲುತ್ತದೆ.

ಒಳ್ಳೆ ಕಾಲು ಒಂದೆರಡು ಸೆಂ.ಮೀ. ತಪ್ಪಿ ಬಿದ್ದರೂ ಚಿಂತೆಯಿಲ್ಲ. ಕಣಕಾಲಿನ ಸ್ನಾಯುಗಳು ಭಾರವನ್ನು ಅಂಗಾಲಿನ ಒಳ ಅಂಚಿನಿಂದ ಹೊರ ಅಂಚಿಗೆ ಸರಿಸಿ ಆ ತಪ್ಪನ್ನು ಅಲ್ಲೇ ತಿದ್ದಿಬಿಡುತ್ತವೆ. ಕೃತಕ ಪಾದ ಬಿದ್ದಲ್ಲೇ ಬಿತ್ತು. ತಿದ್ದುಪಡಿ ಸೊಂಟದಿಂದ ಬರಬೇಕು, ಇಲ್ಲವೇ ಮುಂದಿನ ಹೆಜ್ಜೆಯಿಂದ. ಮುಂದಿನ ಹೆಜ್ಜೆ ಹಿಂದಿನದರ ತಪ್ಪು ತೀರಿಸುತ್ತ ಹೋಗುವುದರಿಂದ ಅಗಲ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಹಾಗಾಗಿ ಅಗಲದಲ್ಲಿ ಸ್ವಲ್ಪ ಏರುಪೇರು ರೋಗವಲ್ಲ, ಅದೇ ಅವರನ್ನು ಬೀಳದಂತೆ ನಿಲ್ಲಿಸಿರುವ ಉಪಾಯ. "ಕಾಲು ಹತ್ತಿರ ಇಟ್ಕೊಂಡು ನೆಟ್ಟಗೆ ನಡೀರಿ" ಎಂದು ಕಣ್ಣಿಗೆ ಚಂದ ಕಾಣಲೆಂದು ಗದರಿಸುವುದನ್ನು ನಾವು ಒಪ್ಪುವುದಿಲ್ಲ. ಸೊಂಟದ ಪಕ್ಕದ ಸ್ನಾಯುವಿಗೆ ಬಲ ಬಂದರೆ ಅಗಲ ತಾನಾಗಿ ಕಿರಿದಾಗುತ್ತದೆ. ಅದಕ್ಕೆ ಒಳ್ಳೆ ಕಾಲಿನ ಬದಿಗೆ ಮಲಗಿ ಸ್ಟಂಪಿನ ಕಾಲನ್ನು ಮೇಲೆತ್ತುವುದು ಹತ್ತತ್ತರಂತೆ ಮೂರು ಸಲ, ಮತ್ತು ಅಡುಗೆಮನೆಯ ಕಟ್ಟೆ ಹಿಡಿದು ಕೃತಕ ಕಾಲಿನ ಮೇಲೆ ನಿಂತು ಒಳ್ಳೆ ಕಾಲನ್ನು ಸಣ್ಣ ಮಣೆಯ ಮೇಲೆ ನಿಧಾನವಾಗಿ ಇಟ್ಟು ತೆಗೆಯುವುದು. ನಿಧಾನ ಎನ್ನುವುದೇ ಇಲ್ಲಿ ವ್ಯಾಯಾಮ.

ಈಗ ಅಲೆನ್ ಕೀ. ಸಾಕೆಟ್ಟನ್ನೂ ಪಾದವನ್ನೂ ಪೈಪಿಗೆ ಜೋಡಿಸುವ ಅಡಾಪ್ಟರಿನ ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಸಡಿಲಿಸಿದಷ್ಟೇ ಎದುರಿನದನ್ನು ಬಿಗಿಸಬೇಕು, ಆಗ ಪಕ್ಕದ ಎರಡರ ಕೋನ ಉಳಿಯುತ್ತದೆ. ಪ್ರತಿ ಸಲ ಒಂದೇ ದಿಕ್ಕಿನ ಬದಲಾವಣೆ, ಸುತ್ತಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಲ್ಲ. ತಿರುಗಿಸುವ ಮೊದಲು ಪೆನ್ನಿನಲ್ಲಿ ಗುರುತು. ಹಿಮ್ಮಡಿ ಊರಿದೊಡನೆ ಮಂಡಿ ಗಕ್ಕನೆ ಮಡಿಚಿಕೊಳ್ಳುತ್ತಿದ್ದರೆ ಸಾಕೆಟ್ ತೀರಾ ಮುಂದಕ್ಕೆ ಬಾಗಿದೆ, ಇಲ್ಲವೇ ಪಾದ ಹಿಂದಿದೆ, ಇಲ್ಲವೇ ಹಿಮ್ಮಡಿ ಗಟ್ಟಿ. ಮಂಡಿ ಹಿಂದಕ್ಕೆ ಸೆಟೆಯುತ್ತಿದ್ದರೆ ಇದರ ಉಲ್ಟಾ. ಭಾರ ಬಿದ್ದಾಗ ಸಾಕೆಟ್ಟಿನ ಮೇಲಂಚು ಹೊರಕ್ಕೆ ತಳ್ಳಿದರೆ ಪಾದ ತುಂಬ ಒಳಗಿದೆ. ಬೆಂಚಿನ ಮೇಲೆ, ಸಾಕೆಟ್ಟಿನ ಹಿಂದಂಚಿನ ನಡುವಿನಿಂದ ಗಾರೆಯವರ ತೂಗುಗುಂಡು ಬಿಟ್ಟಾಗ ಅದು ಹಿಮ್ಮಡಿಯ ನಡುವಿಗಿಂತ 12 ಮಿ.ಮೀ.ಯಷ್ಟು ಹೊರಗೆ ಬೀಳುವಂತೆ ನಾವು ಶುರುಮಾಡುತ್ತೇವೆ. ಸ್ಟಂಪು ಗಿಡ್ಡವಿದ್ದವರಿಗೆ ಅಷ್ಟು ತಡೆಯುವುದಿಲ್ಲ, ಪಾದವನ್ನು ಹೊರಕ್ಕೆ ಸರಿಸಬೇಕಾಗುತ್ತದೆ. ಪ್ರತಿ ಬದಲಾವಣೆಯ ನಂತರ ಕನಿಷ್ಠ ಐದು ನಿಮಿಷ ನಡೆಯಲಿ. ಹೊಸ ಕೋನಕ್ಕೆ ಮೈ ಒಗ್ಗುವ ಮೊದಲಿನ ಹೆಜ್ಜೆಗಳು ಯಾವಾಗಲೂ ಕೆಟ್ಟವೇ.

ಜೈಪುರದಲ್ಲಿ 1968ರಲ್ಲಿ ರೂಪುಗೊಂಡ ಜೈಪುರ ಪಾದ ಹಾಕಿದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನ ಕಾಲುಗಳಲ್ಲಿ ಈ ಸ್ಕ್ರೂ ಆಟವಿಲ್ಲ. ಪೈಪಿನ ಕೆಳತುದಿಯನ್ನು ಬಿಸಿಮಾಡಿ ಪಾದದ ಮೇಲೆ ಕೂರಿಸಿ ಸ್ಕ್ರೂ ಹೊಡೆದ ಮೇಲೆ ಕೋನ ಮುಗಿಯಿತು. ಬದಲಿಸಬೇಕೆಂದರೆ ಮತ್ತೆ ಬಿಸಿಮಾಡಬೇಕು. ಪಾದ ಎಲ್ಲ ದಿಕ್ಕಿಗೂ ಬಾಗುವುದರಿಂದ ಗದ್ದೆಯ ಬದು, ಕಲ್ಲುದಾರಿ, ಕುಕ್ಕರಗಾಲಲ್ಲಿ ಕೂರುವುದು ಸಲೀಸು. ಬರಿಗಾಲಿಗೇ ಮಾಡಿದ್ದರಿಂದ ಹೊಸಿಲ ಒಳಗಿನ ತೊಂದರೆಯೂ ಕಡಿಮೆ. ಇಂಥ ಕಾಲಿನವರಲ್ಲಿ ಏರುಪೇರು ಕಂಡರೆ ಸಾಕ್ಸ್ ಮತ್ತು ಪಟ್ಟಿಯನ್ನು ಮೊದಲು ನೋಡುತ್ತೇವೆ, ತೊಡೆಗೆ ಕಟ್ಟುವ ಆ ಚರ್ಮದ ಪಟ್ಟಿ ಸಡಿಲವಾಗಿರುವುದೇ ಹೆಚ್ಚು.

ಕಾರಿಡಾರ್ ಮುಗಿದ ಮೇಲೆ ಎರಡು ಪರೀಕ್ಷೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಬೇಕು. ಮಂಡಿ ಕೆಳಗೆ ಕಾಲು ಕಳೆದುಕೊಂಡವರ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇ ಪದೇ ಬೀಳುವವರನ್ನು ಗುರುತಿಸುವ ಗಡಿ 19 ಸೆಕೆಂಡ್ ಎಂದು ಬಂದಿತ್ತು. ನಮಗೆ ಒಟ್ಟು ಸಮಯಕ್ಕಿಂತ ತಿರುಗುವ ಹೆಜ್ಜೆಗಳ ಎಣಿಕೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅರ್ಧ ಸುತ್ತು ತಿರುಗಲು ಆರು ಹೆಜ್ಜೆ ಬೇಕಾದರೆ ಆ ಕಾಲನ್ನು ಅವರು ಇನ್ನೂ ನಂಬಿಲ್ಲ. ಎರಡನೆಯದು, ನೂರರಿಂದ ಮೂರು ಮೂರು ಕಳೆಯುತ್ತ ಅದೇ ಹತ್ತು ಮೀಟರ್ ನಡೆಯುವುದು. ಲೆಕ್ಕ ಬೇಡ ಎನ್ನುವವರಿಗೆ ತಮ್ಮೂರ ಬಸ್ ನಿಲ್ದಾಣಗಳ ಹೆಸರು ಕೊನೆಯಿಂದ ಮೊದಲಿಗೆ. ಸುಮ್ಮನೆ ನಡೆದಾಗ ಶೇ. 3 ಇದ್ದ ಏರುಪೇರು ಆಗ ಆರಕ್ಕೆ ಏರಿದರೆ, ನಡೆಯುವ ಕೆಲಸಕ್ಕೇ ಅವರ ಗಮನವೆಲ್ಲ ಹೋಗುತ್ತಿದೆ. ಅಂಥವರು ಫೋನಿನಲ್ಲಿ ಮಾತಾಡುತ್ತ ರಸ್ತೆ ದಾಟುವುದು ಸದ್ಯಕ್ಕೆ ಬೇಡ.

ಕೊನೆಗೆ ಗೇಟಿನ ಹೊರಗಿನ ರಸ್ತೆ. ಮಳೆನೀರು ಹರಿಯಲೆಂದು ಡಾಂಬರು ಅಂಚಿಗೆ ಇಳಿಜಾರಾಗಿರುತ್ತದೆ. ಕೃತಕ ಕಾಲು ತಗ್ಗಿನ ಕಡೆ ಇದ್ದರೆ ಗಿಡ್ಡ ಅನಿಸುತ್ತದೆ, ಏರಿನ ಕಡೆ ಇದ್ದರೆ ಉದ್ದ ಅನಿಸಿ ತುದಿ ತಾಗುತ್ತದೆ. ಹೋಗುವಾಗ ಸರಿಯಿದ್ದ ಕಾಲು ಬರುವಾಗ ಕೈಕೊಡುವುದು ಇದರಿಂದ, ಅದಕ್ಕಾಗಿ ಉದ್ದ ತಿದ್ದಬಾರದು. ಇಳಿಜಾರಿನಲ್ಲಿ ಪಾದ ಕೆಳಕ್ಕೆ ಬಾಗದೆ ಮಂಡಿಯನ್ನು ಮುಂದಕ್ಕೆ ತಳ್ಳುತ್ತದೆ, ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ರಸ್ತೆಯಿಂದ ವಾಪಸು ಬಂದ ಮೇಲೆ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಸಡಿಲವಾಗದಂತೆ ಹಿಡಿಯುವ ಲಾಕ್ಟೈಟ್ ಅಂಟು ಹಚ್ಚಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಸುತ್ತೇವೆ, ಬಹಳಷ್ಟು ಅಡಾಪ್ಟರುಗಳಿಗೆ ಅದು 15 ನ್ಯೂಟನ್ ಮೀಟರ್, ತಯಾರಕರ ಹಾಳೆಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ರಿಜಿಸ್ಟರಿನಲ್ಲಿ ವೇಗ, ಎರಡೂ ಕಾಲಿನ ಏರುಪೇರು, ಹೆಜ್ಜೆಯ ಅಗಲ ಬರೆದು, ಪಕ್ಕದಲ್ಲಿ ಅಳೆದ ಗಂಟೆ, ಹಾಕಿದ್ದ ಚಪ್ಪಲಿ, ಸಾಕ್ಸ್ ಎಷ್ಟು ಪ್ಲೈ ಎಂದೂ ಬರೆಯುತ್ತೇವೆ. ಎರಡು ವಾರದ ನಂತರ ಅದೇ ಗಂಟೆಗೆ, ಅದೇ ಚಪ್ಪಲಿಯಲ್ಲಿ ಬರಲು ಹೇಳುತ್ತೇವೆ. ಹೊಸ ಚಪ್ಪಲಿ ಹಾಕಿಕೊಂಡು ಬಂದರೆ ಮತ್ತೆ ಮೊದಲಿನಿಂದ.